ಮಂಚದ ಕೆಳಗಿನ ಒಲೆ: ಹಾಸ್ಟೆಲ್ ನಿಯಮ ಬರೆಯುವವರಿಗೆ

ಹಾಸ್ಟೆಲ್ ನಿಯಮಾವಳಿ ಬರೆಯುವಾಗ ಪ್ರತಿ ಸಾಲಿಗೂ ಕೇಳಬೇಕಾದ ಪ್ರಶ್ನೆ ಒಂದಿದೆ: ಇದನ್ನು ವಿದ್ಯಾರ್ಥಿಗಳು ಕದ್ದುಮುಚ್ಚಿ ಮುರಿದರೆ ಏನಾಗುತ್ತದೆ? ಮುರಿದೇ ಮುರಿಯುತ್ತಾರೆ ಎಂದುಕೊಂಡು ಲೆಕ್ಕ ಹಾಕಿ.

ಕೋಣೆಯಲ್ಲಿ ವಿದ್ಯುತ್ ಒಲೆ ಬೇಡ ಎನ್ನುವುದಕ್ಕೆ ಗಟ್ಟಿ ಕಾರಣವಿದೆ. 1500 ವ್ಯಾಟಿನ ಒಲೆಯನ್ನೂ ಅಷ್ಟೇ ವ್ಯಾಟಿನ ಕೆಟಲನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ, 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಹರಿಯುತ್ತದೆ. ಬೋರ್ಡು ತಾಳುವುದು 6 ಆಂಪಿಯರ್, ಹೊರೆ ಮೀರಿದರೆ ತಾನಾಗಿ ವಿದ್ಯುತ್ ಕಡಿಯುವ ಸರ್ಕ್ಯೂಟಿನ ಬ್ರೇಕರ್ 16 ಆಂಪಿಯರಿನದು ಎಂದುಕೊಳ್ಳಿ. ಬ್ರೇಕರ್ ಬೀಳುವುದಿಲ್ಲ, ಬೋರ್ಡಿನ ವೈರು ಮಾತ್ರ ಬಿಸಿಯಾಗುತ್ತಲೇ ಇರುತ್ತದೆ. ನಿಯಮದ ಕೆಳಗೆ ಈ ಲೆಕ್ಕವನ್ನೇ ಬರೆಯಿರಿ. ‘ಸಿಕ್ಕರೆ ಜಪ್ತಿ’ ಎಂದಷ್ಟೇ ಬರೆದರೆ ಒಲೆ ಮಂಚದ ಕೆಳಗೆ, ಹಾಸಿಗೆ ಬಟ್ಟೆಗಳ ಪಕ್ಕಕ್ಕೆ ಸೇರುತ್ತದೆ. ಅಲಾರಂ ಕೂಗದಿರಲೆಂದು ಹೊಗೆ ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲವೂ ಬೀಳುತ್ತದೆ. ಈಗ ಅಪಾಯ ಮೊದಲಿಗಿಂತ ಹೆಚ್ಚು.

ಹಾಗಾಗಿ ನಿಷೇಧದ ಜೊತೆಗೆ ಮಹಡಿಗೊಂದು ಅಡುಗೆ ಜಾಗ ಕೊಡಿ, ಒಲೆಗೆ ಪ್ರತ್ಯೇಕ ಸರ್ಕ್ಯೂಟ್ ಇರಲಿ. ಅಲ್ಲಿ ಹೊಗೆಯ ಬದಲು ಶಾಖಕ್ಕೆ ಕೂಗುವ ಡಿಟೆಕ್ಟರ್ ಹಾಕಿಸಿ. ಆ ಜಾಗ ರಾತ್ರಿಯೂ ತೆರೆದಿರಬೇಕು. ಓದುವ ಮಕ್ಕಳಿಗೆ ಹಸಿವಾಗುವುದೇ ನಡುರಾತ್ರಿ. 9 ಗಂಟೆಗೆ ಬೀಗ ಜಡಿದರೆ ಒಲೆ ಮತ್ತೆ ಕೋಣೆಗೇ ಬರುತ್ತದೆ.

ರಾತ್ರಿಯ ಗೇಟಿನದೂ ಇದೇ ಕಥೆ. 10 ಗಂಟೆ ದಾಟಿದರೆ ದಂಡ, ಮನೆಗೆ ಫೋನು ಎಂದಾದರೆ, 20 ನಿಮಿಷ ತಡವಾದವರು ಬರುವುದೇ ಇಲ್ಲ. ರಾತ್ರಿಯೆಲ್ಲ ಹೊರಗೆ ಕಳೆಯುತ್ತಾರೆ, ಇಲ್ಲವೇ ಗೋಡೆ ಹಾರುತ್ತಾರೆ. ಹಾಜರಿ ಪುಸ್ತಕದಲ್ಲಿ ಗೆಳೆಯರು ಸಹಿ ಹಾಕಿರುತ್ತಾರೆ. ಬೆಂಕಿ ಬಿದ್ದ ರಾತ್ರಿ ಒಳಗೆ ಎಷ್ಟು ಜನರಿದ್ದಾರೆ ಎನ್ನುವ ಎಣಿಕೆಯೇ ಸುಳ್ಳು. ಕಾರ್ಡು ತೋರಿಸಿದರೆ ಯಾವ ಹೊತ್ತಿಗಾದರೂ ಗೇಟು ತೆರೆಯಲಿ, ಸಮಯ ದಾಖಲಾಗಲಿ, ಆ ದಾಖಲೆಯನ್ನು ಶಿಸ್ತುಕ್ರಮಕ್ಕೆ ಬಳಸುವುದಿಲ್ಲ ಎಂದು ಲಿಖಿತವಾಗಿ ಹೇಳಿ. ಹುಡುಗಿಯರಿಗೊಂದು ಗಂಟೆ, ಹುಡುಗರಿಗೊಂದು ಗಂಟೆ ಇಡುವುದಕ್ಕೆ ಸುರಕ್ಷತೆಯ ಹೆಸರು ಕೊಡಬೇಡಿ, ಅದು ಕಾವಲು. ಇನ್ನು ತುರ್ತು ಬಾಗಿಲು ಒಳಗಿನಿಂದ ಕೀಲಿ ಇಲ್ಲದೆ ತೆರೆಯಲೇಬೇಕು, ಇದರಲ್ಲಿ ರಾಜಿಯಿಲ್ಲ.

ಕೋಣೆ ತಪಾಸಣೆಗೆ 24 ಗಂಟೆ ಮೊದಲು ಲಿಖಿತ ಸೂಚನೆ ಸಾಕು: ಏನು ನೋಡುತ್ತೇವೆ, ಯಾರಿಬ್ಬರು ಬರುತ್ತಾರೆ. ಪ್ಲಗ್ಗು, ವೈರು, ಡಿಟೆಕ್ಟರ್ ನೋಡಲು ಬಂದವರು ಕಪಾಟು ತೆರೆಯಬಾರದು. ಹೊಗೆ, ನೀರು ಸೋರಿಕೆ, ಜೀವಭಯ ಇದ್ದರೆ ಮಾತ್ರ ಸೂಚನೆಯಿಲ್ಲದೆ ಒಳಹೋಗಬಹುದು, ಆಮೇಲೆ ಕಾರಣ ಬರೆದುಕೊಡಬೇಕು.

ಸಹವಾಸಿಗಳ ನಡುವಿನ ಒಪ್ಪಂದವನ್ನು ಮೊದಲ ಎರಡು ವಾರಗಳಲ್ಲೇ ಬರೆಸಿ. ಜಗಳ ಶುರುವಾದ ಮೇಲೆ ಅದು ಆರೋಪಪಟ್ಟಿಯಾಗುತ್ತದೆ. ‘ಸ್ವಚ್ಛತೆ ಕಾಪಾಡುವುದು’ ಎಂಬಂಥ ಸಾಲು ಯಾರ ಉಪಯೋಗಕ್ಕೂ ಬಾರದು. ‘ಎಂಜಲು ತಟ್ಟೆ ರಾತ್ರಿ ಮಲಗುವ ಮುಂಚೆ ತೊಳೆಯಬೇಕು, 11ರ ನಂತರ ದೊಡ್ಡ ದೀಪ ಇಲ್ಲ, ಅತಿಥಿ ಬರುವುದಾದರೆ ಹಿಂದಿನ ದಿನವೇ ಕೇಳಬೇಕು, ಬೇಡ ಎಂದವರು ಕಾರಣ ಹೇಳಬೇಕಿಲ್ಲ’ ಎಂದು ಬರೆದರೆ ಕೆಲಸಕ್ಕೆ ಬರುತ್ತದೆ. ಆರು ವಾರ ಕಳೆದ ಮೇಲೆ ಅದೇ ಹಾಳೆಯನ್ನು ಮತ್ತೆ ಇಬ್ಬರ ಮುಂದಿಟ್ಟು ತಿದ್ದಿಸಿ.