ಸುಟ್ಟ ಐಮರದ ಬಿಲ್

ಗೆಸ್ಟ್ ಏನಾದರೂ ಹಾಳು ಮಾಡಿದ್ದು ಕಣ್ಣಿಗೆ ಬಿದ್ದ ಕೂಡಲೇ ಗೇಟ್ ಹಾಕಿಬಿಡೋಣ ಅನಿಸುತ್ತದೆ. ನಮ್ಮ ಗೇಟ್‌ನ ಹುಡುಗ ಆವತ್ತು ಅದನ್ನೇ ಮಾಡಿದ. ಲಗೇಜ್ ಎಲ್ಲ ಕಾರಿಗೆ ಏರಿತ್ತು. ಅಡುಗೆಯ ಅಕ್ಕ ಜಗಲಿಯಿಂದ "ಅಣ್ಣಾ, ಬೇಗ ಬನ್ನಿ ಇಲ್ಲಿ" ಅಂತ ಕೂಗಿದರು. ಆ ದನಿ ಕೇಳಿಯೇ ಹುಡುಗ ಓಡಿಹೋಗಿ ಬೀಗ ಹಾಕಿಬಿಟ್ಟ.

ಕೊಡಗಿನ ಗಾಳಿಬೀಡು ಕಡೆಯ ಒಂದು ತೋಟದಲ್ಲಿ ಹೋಮ್‌ಸ್ಟೇ ನೋಡಿಕೊಳ್ಳುವುದು ನನ್ನ ಕೆಲಸ. ಮನೆ ಹಳೆಯದು. ಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಹಾಸಿದ ಐಮರ ಇದೆ. ಅಗಲವಾದ ಒಂದೇ ಹಲಗೆ. ತಲೆಮಾರುಗಳಿಂದ ಜನ ಕೂತು ಕೂತು ನುಣುಪಾಗಿದೆ. ಬಂದವರೆಲ್ಲ ಮೊದಲು ಕೂರುವುದೂ ಅಲ್ಲೇ, ಫೋಟೋ ತೆಗೆಸಿಕೊಳ್ಳುವುದೂ ಅಲ್ಲೇ.

ಹಿಂದಿನ ರಾತ್ರಿ ಮಳೆ ಜೋರಾಗಿತ್ತು. ಕ್ಯಾಂಪ್‌ಫೈರ್ ಜಾಗ ಬಯಲಲ್ಲಿದೆ, ಮೇಲೆ ಸೂರಿಲ್ಲ. ಗೆಸ್ಟ್‌ಗಳು ಬಾರ್ಬೆಕ್ಯೂ ಟ್ರೇಯನ್ನು ಕೆಂಡದ ಸಮೇತ ಎತ್ತಿಕೊಂಡು ಬಂದು ಐಮರದ ಮೇಲೆ ಇಟ್ಟಿದ್ದಾರೆ. ಬೆಳಿಗ್ಗೆ ಅದರ ಮೇಲೆ ನಮ್ಮದೇ ಬೆಡ್‌ಶೀಟ್ ಮಡಚಿ ಹಾಸಿದ್ದರು. ಅಕ್ಕ ಲಾಂಡ್ರಿಗೆ ಹಾಕಲು ಶೀಟ್ ಎತ್ತಿದಾಗ ಕಂಡಿದ್ದು ಊಟದ ತಟ್ಟೆಯಷ್ಟು ಕಪ್ಪು ಕಲೆ. ಅಂಚಿನಲ್ಲಿ ಕಂದು ಬಣ್ಣ, ನಡುವೆ ಇದ್ದಿಲು. ಉಗುರು ಆಡಿಸಿದರೆ ಪುಡಿ ಉದುರುತ್ತಿತ್ತು. ಸುಟ್ಟ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ.

"ಇದು ನಾವು ಬರೋ ಮುಂಚೆನೇ ಇತ್ತು ಸಾರ್" ಅಂದರು ಗೆಸ್ಟ್. ಅಷ್ಟರಲ್ಲಿ ಇನ್ನೊಬ್ಬರಿಗೆ ಬೀಗ ಕಂಡಿತು. "ಗೇಟ್ ಯಾಕ್ರೀ ಹಾಕಿದ್ದು? ಪೊಲೀಸ್‌ಗೆ ಫೋನ್ ಮಾಡ್ತೀನಿ." ಕಾರಿನ ಹಿಂದಿನ ಸೀಟಲ್ಲಿ ಅವರ ವಯಸ್ಸಾದ ತಾಯಿ ಕೂತಿದ್ದರು, ಪಾಪ, ಏನಾಯ್ತು ಏನಾಯ್ತು ಅಂತ ಕೇಳುತ್ತಲೇ ಇದ್ದರು. ನನ್ನ ಫೋನಲ್ಲಿ ಮಾಲೀಕರು. "ಐವತ್ತು ಸಾವಿರ ಕೇಳು. ಕೊಡೋತನಕ ಬಿಡಬೇಡ."

ನಾನು ಫೋನ್ ಇಟ್ಟು, ಹುಡುಗನಿಗೆ ಬೀಗ ತೆಗೆ ಅಂದೆ. ಪೂರ್ತಿ ತೆಗೆಸಿದೆ, ಎರಡೂ ಬಾಗಿಲು. ಹೊರಟವರ ದಾರಿಗೆ ಅಡ್ಡ ನಿಂತರೆ ಅದೇ ಒಂದು ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂ. ವಸ್ತು ಹಾಳು ಮಾಡಿದ್ದಕ್ಕೆ 324ನೇ ಕಲಂ ಇದೆ ನಿಜ. ಆದರೆ ಅದು ಬೇಕಂತಲೇ ಅಥವಾ ಹಾಳಾಗುತ್ತದೆ ಅಂತ ಗೊತ್ತಿದ್ದೂ ಮಾಡಿದವರಿಗೆ. ಕೈತಪ್ಪಿ ಆದದ್ದನ್ನೆಲ್ಲ ಸ್ಟೇಷನ್‌ಗೆ ಒಯ್ಯಲು ಆಗಲ್ಲ. ಬೀಗ ಹಾಕಿದ ಆ ಐದು ನಿಮಿಷ, ಮರ ಸುಟ್ಟವರ ಬದಲು ನಾವು ತಪ್ಪಿತಸ್ಥರಾಗಿದ್ದೆವು. ಅದಕ್ಕಿಂತ ಮುಖ್ಯ, ಬೀಗ ಇರುವ ತನಕ ಎದುರಿನವರು ಐಮರದ ಮಾತೇ ಆಡುವುದಿಲ್ಲ. ಬೀಗದ ಮಾತು ಮಾತ್ರ ಆಡುತ್ತಾರೆ.

ಗೇಟ್ ತೆರೆದ ಮೇಲೆ ಅವರ ದನಿ ಇಳಿಯಿತು. ನಾನು ವಿಡಿಯೋ ತೋರಿಸಿದೆ. ಒಬ್ಬ ಗೆಸ್ಟ್ ಹೋಗಿ ಇನ್ನೊಬ್ಬರಿಗೆ ಮನೆ ಸಜ್ಜು ಮಾಡಿ ಮುಗಿದು, ಕೀ ಕೊಡುವ ಮೊದಲು ಪ್ರತಿ ರೂಮು, ಜಗಲಿ, ಬಾತ್‌ರೂಮಿನ ನಲ್ಲಿ, ಟಿವಿ ಎಲ್ಲದರದ್ದೂ ಒಂದು ವಿಡಿಯೋ ತೆಗೆಯುತ್ತೇನೆ. ಅದರಲ್ಲಿ ಐಮರ ಹೊಳೆಯುತ್ತಿತ್ತು. ಅವರು ಸ್ವಲ್ಪ ಹೊತ್ತು ನೋಡಿದರು. "ಎಷ್ಟಾಗುತ್ತೆ?" ಅಂದರು.

ಆಗ ಮಾಲೀಕರ ಐವತ್ತು ಸಾವಿರ ನನ್ನ ಬಾಯಿಗೆ ಬರಲಿಲ್ಲ. ಅದು ಸಿಟ್ಟಿನ ಲೆಕ್ಕ, ರಿಪೇರಿಯ ಲೆಕ್ಕ ಅಲ್ಲ. ನಮ್ಮ ಆಚಾರಿಗೆ ವಿಡಿಯೋ ಕಾಲ್ ಮಾಡಿದೆ. ಮೇಲೆ ಹೆರೆದು, ಇದ್ದಿಲಾದ ಕಡೆ ಅದೇ ಜಾತಿಯ ಮರದ ತುಂಡು ಕೂರಿಸಿ, ಇಡೀ ಹಲಗೆಗೆ ಪಾಲಿಶ್ ಮಾಡಬೇಕು, ಆರೂವರೆ ಸಾವಿರ ಅಂದರು. ಗೆಸ್ಟ್ ಎದುರಲ್ಲೇ ಕೇಳಿಸಿದೆ. ಬರೆದು ಕಳಿಸಿ ಅಂತಲೂ ಹೇಳಿದೆ. ಇಲ್ಲಿ ಆಚಾರಿಗಳು, ಪ್ಲಂಬರ್‌ಗಳು "ನೋಡಿ ಕೊಡಿ ಸಾರ್" ಅನ್ನುತ್ತಾರೆ, ಕಾಗದದಲ್ಲಿ ಬರೆದುಕೊಡುವ ರೂಢಿ ಇಲ್ಲ. ಆ ಕಾಗದ ಇಲ್ಲದೆ ಕ್ಲೇಮ್ ನಿಲ್ಲುವುದಿಲ್ಲ. ಹಾಗಾಗಿ ನಾನೇ ಒಂದು ಬಿಲ್ ಬುಕ್ ಕೊಂಡು ಅವರ ಕೈಗೆ ಕೊಟ್ಟಿದ್ದೇನೆ.

ಅವರ ಬುಕಿಂಗ್ ಏರ್‌ಬಿಎನ್‌ಬಿ ಆ್ಯಪ್‌ನಲ್ಲಿ ಬಂದದ್ದು. ಕೈಗೆ ಕೊಡ್ತೀವಿ ಅಂದರೂ ನಾನು ತೆಗೆದುಕೊಳ್ಳಲಿಲ್ಲ. ಹಾನಿಯ ದುಡ್ಡು ಕೇಳಲು ಅದರಲ್ಲೇ ಇರುವ ರೆಸಲ್ಯೂಶನ್ ಸೆಂಟರ್‌ನಲ್ಲೇ ರಿಕ್ವೆಸ್ಟ್ ಹಾಕಿದೆ. ಗೆಸ್ಟ್ ಚೆಕ್‌ಔಟ್ ಆದ 14 ದಿನದೊಳಗೆ ಹಾಕಬೇಕು. ಉತ್ತರ ಕೊಡಲು ಅವರಿಗೆ 24 ಗಂಟೆ ಇರುತ್ತದೆ. ಕೊಡದಿದ್ದರೆ ಅಥವಾ ಒಪ್ಪದಿದ್ದರೆ ಕಂಪನಿಯವರನ್ನು ನಡುವೆ ಕರೆಯಬಹುದು. 14 ದಿನ ಬೆಂಗಳೂರಲ್ಲಿ ಜಾಸ್ತಿ ಅನಿಸಬಹುದು. ಇಲ್ಲಿ ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ವಿಡಿಯೋ ಅಪ್‌ಲೋಡ್ ಮಾಡಲು ಮಡಿಕೇರಿಗೆ ಹೋಗಬೇಕು. ಅದಕ್ಕೇ ಫೋಟೋ, ವಿಡಿಯೋ, ಬಿಲ್ ಎಲ್ಲ ಅದೇ ದಿನ ಸೇರಿಸಿಡುತ್ತೇನೆ.

ಎಲ್ಲದಕ್ಕೂ ದುಡ್ಡು ಕೇಳುವುದೂ ತಪ್ಪು. ಜಿಗಣೆ ಕಚ್ಚಿದವರು ಗೊತ್ತಿಲ್ಲದೆ ಹಾಗೇ ಮಲಗಿರುತ್ತಾರೆ. ಕಚ್ಚಿದ ಜಾಗದ ರಕ್ತ ಬೇಗ ಹೆಪ್ಪುಗಟ್ಟಲ್ಲ, ಬೆಳಿಗ್ಗೆ ಬಿಳಿ ಬೆಡ್‌ಶೀಟ್ ಕೆಂಪಾಗಿರುತ್ತದೆ. ಬಿಸಿನೀರಿಗೆ ಹಾಕಿದರೆ ಆ ಕಲೆ ಕೂತುಬಿಡುತ್ತದೆ. ತಣ್ಣೀರಲ್ಲಿ ಉಪ್ಪು ಹಾಕಿ ನೆನೆಸಿದರೆ ಹೋಗುತ್ತದೆ. ಟವೆಲ್‌ಗೆ ಕೆಂಪು ಮಣ್ಣು, ಮಳೆಗಾಲದಲ್ಲಿ ಬೀರುವಿನೊಳಗೆ ಬೂಷ್ಟು, ರೆಡ್ ಆಕ್ಸೈಡ್ ನೆಲದ ಹಳೇ ಬಿರುಕು, ಇವೆಲ್ಲ ಈ ಊರಲ್ಲಿ ಮನೆ ಬಾಡಿಗೆಗೆ ಕೊಡುವವರ ಖರ್ಚು. ಇದಕ್ಕೂ ಗೆಸ್ಟ್‌ನ ಹೆಸರಲ್ಲಿ ಬಿಲ್ ಮಾಡುವವರನ್ನು ನೋಡಿದ್ದೇನೆ. ನಿಜವಾದ ಹಾನಿ ಆದಾಗ ಅವರ ಮಾತನ್ನು ಯಾರೂ ನಂಬುವುದಿಲ್ಲ.

ಮಾಲೀಕರ ಜೊತೆ ನನಗೆ ನಿಜವಾದ ಜಗಳ ಇರುವುದು ಬೇರೆ ವಿಷಯಕ್ಕೆ. ಮೊದಲು ಇಲ್ಲಿ ಗ್ಲಾಸ್ ಒಡೆದರೆ ಹೌಸ್‌ಕೀಪಿಂಗ್‌ನವರ ಸಂಬಳದಲ್ಲಿ ಹಿಡಿಯುತ್ತಿದ್ದರು. ಗೆಸ್ಟ್ ಒಡೆದಿದ್ದಕ್ಕೂ ಅಷ್ಟೇ. ಪರಿಣಾಮ ಏನಾಯ್ತು? ಒಡೆದದ್ದೆಲ್ಲ ಮಾಯವಾಗುತ್ತಿತ್ತು. ಬಿರುಕು ಬಿಟ್ಟ ಕಮೋಡ್ ಸೀಟ್ ಮೇಲೆ ಟವೆಲ್, ಕೆಟ್ಟ ಗೀಸರ್‌ನ ಸ್ವಿಚ್‌ಗೆ ಟೇಪ್. ಇನ್ವೆಂಟರಿ ಶೀಟ್‌ನಲ್ಲಿ ಎಲ್ಲ ಸರಿ ಅಂತ ಟಿಕ್. ಮುಂದಿನ ಗೆಸ್ಟ್ ಬಂದು ಹೇಳಿದಾಗಲೇ ನನಗೆ ಗೊತ್ತಾಗುತ್ತಿದ್ದದ್ದು, ಅಷ್ಟರಲ್ಲಿ ಒಡೆದವರು ಮನೆ ತಲುಪಿರುತ್ತಿದ್ದರು. ಸಂಬಳದಲ್ಲಿ ಹಿಡಿಯುವುದನ್ನು ನಿಲ್ಲಿಸಲೇಬೇಕು ಅಂತ ಹಠ ಹಿಡಿದು ನಿಲ್ಲಿಸಿದೆ. ಆವತ್ತು ಅಕ್ಕ ಆ ಶೀಟ್ ಎತ್ತಿದವರೇ ಹೆದರದೆ ಕೂಗಿದ್ದು ಅದಕ್ಕೇ. ಅವರು ಸುಮ್ನೆ ಶೀಟ್ ಮತ್ತೆ ಹಾಸಿದ್ದರೆ ನನ್ನ ವಿಡಿಯೋ, ಆಚಾರಿ, 14 ದಿನ ಯಾವುದೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಈಗ ಚೆಕ್‌ಔಟ್ ದಿನ ಗೆಸ್ಟ್ ಕಾಫಿ ಕುಡಿಯುತ್ತಿರುವಾಗಲೇ ಅಕ್ಕ ಒಂದು ಸುತ್ತು ನೋಡಿ ಬರುತ್ತಾರೆ. ಏನಾದರೂ ಇದ್ದರೆ ಲಗೇಜ್ ಕಾರಿಗೆ ಏರುವ ಮೊದಲೇ ಮಾತಾಡಿ ಮುಗಿಸುತ್ತೇವೆ.

ಗೆಸ್ಟ್ ಮರುದಿನವೇ ಒಪ್ಪಿ ಪೂರ್ತಿ ಕೊಟ್ಟರು. ಐಮರ ಸರಿಯಾಗಿದೆ, ಹತ್ತಿರ ಹೋಗಿ ನೋಡಿದರೆ ಮಾತ್ರ ಕೂರಿಸಿದ ತುಂಡಿನ ಗೆರೆ ಕಾಣುತ್ತದೆ. ಆದರೆ ಮಳೆ ಬಂದರೆ ಬಾರ್ಬೆಕ್ಯೂ ಎಲ್ಲಿ ಇಡಬೇಕು ಅನ್ನುವುದಕ್ಕೆ ಇಂದಿಗೂ ಜಾಗ ಇಲ್ಲ. "ಜಗಲಿಯಲ್ಲಿ ಬೆಂಕಿ ಬೇಡ" ಅಂತ ಬೋರ್ಡ್ ಹಾಕು ಸಾಕು ಅನ್ನುತ್ತಾರೆ ಮಾಲೀಕರು. ದುಡ್ಡು ಕೊಟ್ಟು ಬಂದವರು ಕೊಡಗಿನ ಮಳೆಯಲ್ಲಿ ಬಯಲಲ್ಲಿ ನಿಂತು ಕೋಳಿ ಸುಡುತ್ತಾರಾ? ಕ್ಯಾಂಪ್‌ಫೈರ್ ಜಾಗಕ್ಕೆ ಶೆಡ್ ಹಾಕಲು ಶೀಟು, ಪೈಪು, ಕೂಲಿ ಎಲ್ಲ ಸೇರಿಸಿ ಎಸ್ಟಿಮೇಟ್ ಕಳಿಸಿದ್ದೇನೆ. ಮುಂದಿನ ಜೂನ್‌ಗೆ ಮೊದಲು ಆಗಲೇಬೇಕು ಅಂತ ಕೇಳುತ್ತಲೇ ಇದ್ದೇನೆ.