ಅಟ್ಟಿಸಿಕೊಂಡು ಹೋದ ಆ ಸಂಜೆ

ಹಲವು ವರ್ಷಗಳ ಹಿಂದೆ, ಶಾಲೆ ಬಿಟ್ಟ ಮೇಲೆ, ಸೈಕಲ್ ನಿಲ್ಲಿಸುವ ಜಾಗದ ಹಿಂದೆ ಹದಿನಾಲ್ಕು ವರ್ಷದ ಹುಡುಗನೊಬ್ಬ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಕುಳಿತಿರುವುದನ್ನು ಕಂಡೆ. ಪೇಂಟ್ ಥಿನ್ನರ್‌ನ ವಾಸನೆ ನಾಲ್ಕು ಹೆಜ್ಜೆ ದೂರಕ್ಕೇ ಮೂಗಿಗೆ ಬಡಿಯುತ್ತಿತ್ತು. ನಾನು ಅವನ ತರಗತಿಯ ಶಿಕ್ಷಕ. ಶಿಕ್ಷಕನಾದವನು ಏನು ಮಾಡಬೇಕೆಂದು ಆಗ ನಂಬಿದ್ದೆನೋ ಅದನ್ನೇ ಮಾಡಿದೆ. ಹೆಸರು ಹಿಡಿದು ಗಟ್ಟಿಯಾಗಿ ಗದರಿಸಿದೆ. ಅವನು ಬೆಚ್ಚಿಬಿದ್ದು ಎದ್ದು ಓಡಿದಾಗ ಮೈದಾನದ ತುದಿಯವರೆಗೂ ಅಟ್ಟಿಸಿಕೊಂಡು ಹೋದೆ. ಅವನು ಕೈಗೆ ಸಿಗಲಿಲ್ಲ. ಅವನಿಗೆ ಏನೂ ಆಗಲಿಲ್ಲವೆಂಬುದು ಬರೀ ಅದೃಷ್ಟವೆಂದು ನನಗೆ ತಿಳಿದದ್ದು ಕೆಲವು ತಿಂಗಳ ನಂತರ, ವೈದ್ಯರೊಬ್ಬರ ಬಳಿ ಇದನ್ನು ಹೇಳಿಕೊಂಡಾಗ.

ಥಿನ್ನರ್, ಅಂಟು, ಸ್ಪ್ರೇ ಡಬ್ಬಿ ಮುಂತಾದವುಗಳಲ್ಲಿರುವ ಟೊಲುಯೀನ್, ಬ್ಯುಟೇನ್‌ನಂಥ ರಾಸಾಯನಿಕಗಳು ಉಸಿರಿನ ಮೂಲಕ ರಕ್ತಕ್ಕೆ ಸೇರಿ ಕೆಲವೇ ಕ್ಷಣಗಳಲ್ಲಿ ಮಿದುಳನ್ನು ಮಂಕಾಗಿಸಿ ನಶೆ ಏರಿಸುತ್ತವೆ. ಅಷ್ಟರಲ್ಲೇ ನಿಲ್ಲದೆ, ಬೆದರಿದಾಗ, ಓಡಿದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್ ಎಂಬ ಹಾರ್ಮೋನಿಗೆ ಹೃದಯದ ಸ್ನಾಯು ವಿಪರೀತವಾಗಿ ಸ್ಪಂದಿಸುವಂತೆಯೂ ಮಾಡುತ್ತವೆ. ಆ ಸ್ಥಿತಿಯಲ್ಲಿರುವ ಹುಡುಗ ಹಠಾತ್ತನೆ ಬೆದರಿದರೆ ಅಥವಾ ಓಡಿದರೆ ಬಡಿತದ ಲಯ ತಪ್ಪಿ ಹೃದಯವೇ ನಿಂತುಹೋಗಬಹುದು. ಮೊಟ್ಟಮೊದಲ ಸಲ ಮೂಸಿದವನಿಗೂ ಈ ಅಪಾಯ ತಪ್ಪಿದ್ದಲ್ಲ. ಅಮೆರಿಕದ ಮಿಲ್ಲರ್ಡ್ ಬಾಸ್ ಎಂಬ ವೈದ್ಯರು ಇಂಥ 110 ಹಠಾತ್ ಸಾವುಗಳ ವಿವರವನ್ನು ಕಲೆಹಾಕಿ 1970ರಷ್ಟು ಹಿಂದೆಯೇ ಪ್ರಕಟಿಸಿದ್ದರು. ನನ್ನ ಶಿಕ್ಷಕ ತರಬೇತಿಯಲ್ಲಿ ಮಾತ್ರ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಸಂಜೆ ನಾನು ಮಾಡಬೇಕಾಗಿದ್ದುದು ಬಹಳ ಸಣ್ಣ ಕೆಲಸ: ಧ್ವನಿ ಏರಿಸದೆ ಹತ್ತಿರ ಹೋಗಿ, ಕರವಸ್ತ್ರವನ್ನು ದೂರ ಇಟ್ಟು, ಗಾಳಿಯಾಡುವ ಕಡೆ ಅವನನ್ನು ಕೂರಿಸಿ, ಪಕ್ಕದಲ್ಲೇ ಇರುವುದು, ಪ್ರಜ್ಞೆ ತಪ್ಪಿದರೆ, ಉಸಿರಾಟವಿದೆಯೆಂದು ನೋಡಿಕೊಂಡು, ಮಗ್ಗುಲಾಗಿ ಮಲಗಿಸಿ ತಕ್ಷಣ ಆಂಬ್ಯುಲೆನ್ಸ್ ಕರೆಯುವುದು. ವಿಚಾರಣೆ ಮರುದಿನಕ್ಕೆ ಕಾಯುತ್ತಿತ್ತು.

ಹೆದರಿಕೆಯಿಂದ ಹದಿಹರೆಯದವರನ್ನು ಮಾದಕ ವಸ್ತುಗಳಿಂದ ದೂರವಿಡಬಹುದೆಂಬ ನಂಬಿಕೆ ನನ್ನೊಬ್ಬನದಾಗಿರಲಿಲ್ಲ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಡೇರ್’ ಎಂಬ ಕಾರ್ಯಕ್ರಮ ಶುರುವಾಯಿತು; ಸಮವಸ್ತ್ರ ತೊಟ್ಟ ಪೊಲೀಸರು ತರಗತಿಗೆ ಬಂದು ಮಾದಕ ವಸ್ತುಗಳ ಅಪಾಯವನ್ನು ವಿವರಿಸುತ್ತಿದ್ದರು. ಅದು ಹತ್ತಾರು ದೇಶಗಳಿಗೆ ಹಬ್ಬಿತು, ತಂದೆತಾಯಿಯರಿಗೆ ಬಹಳ ಮೆಚ್ಚುಗೆಯಾಯಿತು. ಆದರೆ ಪಾಠ ಕೇಳಿದ ಮಕ್ಕಳನ್ನೂ ಕೇಳದ ಮಕ್ಕಳನ್ನೂ ಕೆಲವು ವರ್ಷಗಳ ನಂತರ ಹೋಲಿಸಿ ನೋಡಿದ ಅಧ್ಯಯನಗಳಿಗೆ ಇಬ್ಬರ ಸೇವನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಇದಕ್ಕೆ ಕಾರಣ ಮಕ್ಕಳ ದಡ್ಡತನವಲ್ಲ. ಅಪಾಯವೇನೆಂದು ಕೇಳಿದರೆ ಹದಿನೈದರ ಹುಡುಗಿ ನಮ್ಮಷ್ಟೇ ಚೆನ್ನಾಗಿ ಉತ್ತರಿಸುತ್ತಾಳೆ. ಸುಖವನ್ನೂ ಹೊಸತನ್ನೂ ಅರಸುವ ಮಿದುಳಿನ ಭಾಗಗಳು ಹದಿಹರೆಯದ ಆರಂಭದಲ್ಲೇ ಚುರುಕಾಗಿ ಎಚ್ಚೆತ್ತುಕೊಂಡರೆ, ಆತುರಕ್ಕೆ ಕಡಿವಾಣ ಹಾಕುವ ಮುಂಭಾಗವು ಪೂರ್ತಿ ಮಾಗುವಷ್ಟರಲ್ಲಿ ವಯಸ್ಸು ಇಪ್ಪತ್ತೈದರ ಹತ್ತಿರ ಬಂದಿರುತ್ತದೆ ಎಂಬುದು ಈಗ ಬಹಳ ಜನರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಗೆಳೆಯರ ಕಣ್ಣಿನ ಪ್ರಭಾವ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇರೆ ಬೇರೆ ವಯಸ್ಸಿನವರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವಾಡಿದರು. ಓರಗೆಯವರು ಜೊತೆಗಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಬಹಳ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡರು. ವಯಸ್ಕರಲ್ಲಿ ಅಂಥ ಬದಲಾವಣೆ ಆಗಲಿಲ್ಲ. ನಾವು ಉಪದೇಶ ಮಾಡುವುದು ಮನೆಯಲ್ಲಿ ಒಂಟಿಯಾಗಿ ಕುಳಿತ ಮಗುವಿಗೆ. ಮೊದಲ ಸಿಗರೇಟನ್ನು ಹಚ್ಚುವುದು ನಾಲ್ಕು ಗೆಳೆಯರ ನಡುವೆ ನಿಂತ ಮಗು. ಇವೆರಡೂ ಒಂದೇ ಮಗುವೆಂದು ಭಾವಿಸಿ ನಾವು ಮೋಸಹೋಗುತ್ತೇವೆ.

ಬೇರೆ ದಾರಿಯಲ್ಲಿ ನಡೆದ ದೇಶ ಐಸ್‌ಲ್ಯಾಂಡ್. ಅಲ್ಲಿ 1998ರಲ್ಲಿ ಹದಿನೈದು–ಹದಿನಾರರ ವಯಸ್ಸಿನವರ ಪೈಕಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದೆವು ಎಂದವರು ಶೇ. 42, 2016ರ ವೇಳೆಗೆ ಆ ಪ್ರಮಾಣ ಶೇ. 5ಕ್ಕೆ ಇಳಿದಿತ್ತು. ಅವರು ಪೋಸ್ಟರ್‌ಗಳನ್ನು ಹೆಚ್ಚಿಸಲಿಲ್ಲ, ಮಕ್ಕಳ ಬಿಡುವಿನ ಹೊತ್ತಿನ ಮೇಲೆ ಕೈಯಿಟ್ಟರು. ಕ್ರೀಡೆ, ಸಂಗೀತ, ನೃತ್ಯಗಳ ಕೂಟಗಳಿಗೆ ಹಣ ಒದಗಿಸಿದರು, ಮಕ್ಕಳೊಡನೆ ಹೆಚ್ಚು ಸಮಯ ಕಳೆಯುವಂತೆ ತಂದೆತಾಯಿಯರನ್ನು ಒಪ್ಪಿಸಿದರು, ರಾತ್ರಿ ಇಷ್ಟು ಗಂಟೆಯ ನಂತರ ಮಕ್ಕಳು ಹೊರಗಿರಬಾರದೆಂದು ನಿಯಮ ಮಾಡಿದರು. ಚಿಕ್ಕ ದೇಶ, ಅಷ್ಟೇ ಚಿಕ್ಕ ಜನಸಂಖ್ಯೆ, ಅನುಕೂಲಸ್ಥ ಸರ್ಕಾರ. ಇಳಿಕೆಯ ಪೂರ್ತಿ ಶ್ರೇಯ ಇದೊಂದಕ್ಕೇ ಸಲ್ಲಬೇಕೆಂದು ನಾನು ವಾದಿಸುವುದಿಲ್ಲ. ಆದರೂ ‘ಆ ಹೊತ್ತಿನಲ್ಲಿ ಮಗು ಎಲ್ಲಿರುತ್ತದೆ’ ಎಂಬ ಅವರ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಹೋಯಿತು.

ಮಗು ನಶೆಗೆ ಬಿದ್ದಿದೆಯೇ ಎಂದು ಗುರುತಿಸಲು ಕೊಡುವ ಲಕ್ಷಣಗಳ ಪಟ್ಟಿಗಳ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ. ಸಿಡುಕು, ಬಾಗಿಲು ಹಾಕಿಕೊಂಡು ಕೂರುವುದು, ಹೊತ್ತುಗೊತ್ತಿಲ್ಲದ ನಿದ್ದೆ ಇವೆಲ್ಲ ಯಾವ ನಶೆಯೂ ಇಲ್ಲದ ಹದಿಹರೆಯದಲ್ಲೂ ಇರುತ್ತವೆ. ಇ-ಸಿಗರೇಟಾದರೋ ಹೊಗೆಸೊಪ್ಪಿನಂತೆ ವಾಸನೆಯನ್ನೂ ಬಿಟ್ಟುಹೋಗುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು: ಬಹುಕಾಲ ದಿನವೂ ಮದ್ಯವನ್ನೋ ನಿದ್ದೆಮಾತ್ರೆಗಳನ್ನೋ ಸೇವಿಸುತ್ತಿದ್ದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೊರಟರೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಅದು ವೈದ್ಯರ ಕಣ್ಗಾವಲಿನಲ್ಲೇ ನಡೆಯಬೇಕಾದ ಕೆಲಸ.

‘ಡೇರ್’ ಆರಂಭವಾದ ಅದೇ 1983ರಲ್ಲಿ ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಅದಕ್ಕೆ ತೀರ ವಿರುದ್ಧವಾದ ವಿಧಾನವೊಂದನ್ನು ವಿವರಿಸಿ ಬರೆದಿದ್ದರು. ಕುಡಿತದ ಸಮಸ್ಯೆಯಿರುವವರೊಡನೆ ವಾದಕ್ಕಿಳಿಯಬೇಡಿ, ಬಿಡಬೇಕೆಂಬ ಕಾರಣಗಳು ಅವರ ಬಾಯಿಂದಲೇ ಬರುವಂತೆ ಕೇಳಿ ಎಂಬುದು ಅದರ ತಿರುಳು. ಇದನ್ನು ತಿಳಿದ ಮೇಲೆ ನಾನು ಆ ಹುಡುಗನನ್ನು ಮತ್ತೆ ಕರೆದೆ. ಆ ಸಂಜೆಯ ನಂತರ ಅವನು ನನ್ನ ಕಣ್ಣು ತಪ್ಪಿಸಿಯೇ ಓಡಾಡುತ್ತಿದ್ದ. ಮೊದಲು ಕ್ಷಮೆ ಕೇಳಿದೆ. ಅದು ಅವನಿಗೆ ಮುಜುಗರವನ್ನೇ ಉಂಟುಮಾಡಿತೆಂದು ತೋರುತ್ತದೆ. ಆಮೇಲೆ, ‘ಅದರಿಂದ ನಿನಗೆ ಏನು ಸಿಗುತ್ತಿತ್ತು?’ ಎಂದು ಕೇಳಿದೆ. ದುಃಖದ ಕಥೆಯೊಂದನ್ನು ನಿರೀಕ್ಷಿಸಿದ್ದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಹೊತ್ತು ಬೇಗ ಹೋಗುತ್ತಿತ್ತು ಸರ್’ ಎಂದ.

ಶಾಲೆ ಬಿಡುತ್ತಿದ್ದುದು ನಾಲ್ಕಕ್ಕೆ. ಅವನ ತಾಯಿ ಕೆಲಸದಿಂದ ಮನೆಗೆ ಬರುತ್ತಿದ್ದುದು ಒಂಬತ್ತಕ್ಕೆ. ನಡುವಿನ ಐದು ಗಂಟೆಗಳ ಬಗ್ಗೆ ಅದುವರೆಗೆ ಯಾರೂ ಅವನನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ವರ್ಷ ಉಳಿದ ತಿಂಗಳುಗಳಲ್ಲಿ ನಾವು ಕೆಲವರು ಶಿಕ್ಷಕರು ಸರದಿಯ ಮೇಲೆ ಏಳು ಗಂಟೆಯವರೆಗೆ ವಾಲಿಬಾಲ್ ಅಂಕಣವನ್ನು ತೆರೆದಿಟ್ಟೆವು. ಅವನು ಕೆಲವು ದಿನ ಬರುತ್ತಿದ್ದ, ಕೆಲವು ದಿನ ಬರುತ್ತಿರಲಿಲ್ಲ. ಬಾರದ ದಿನ ನಾನು ಸೈಕಲ್ ನಿಲ್ಲಿಸುವ ಜಾಗದ ಹಿಂದೆ ಹೋಗಿ ನೋಡುತ್ತಿದ್ದೆ, ಹೆಜ್ಜೆಯ ಸಪ್ಪಳವಾಗದಂತೆ.