ಪೆಂಗ್ವಿನ್ ಇಸಿಜಿಯಲ್ಲಿ ಬಂದ ಖಾಲಿ ಜಾಗ

ನಮ್ಮದು ಹೋಲ್ಟರ್, ಅಂದರೆ ಮೈಗೆ ಕಟ್ಟಿಕೊಂಡು ದಿನವಿಡೀ ಇಸಿಜಿ ದಾಖಲಿಸುವ ಯಂತ್ರಕ್ಕೆ ಸಾಫ್ಟ್‌ವೇರ್ ಮಾಡುವ ಟೀಮು. ಎರಡು ಬಡಿತಗಳ ನಡುವೆ 3 ಸೆಕೆಂಡು ದಾಟಿದರೆ ಪಾಸ್ (ಬಡಿತದಲ್ಲಿ ವಿರಾಮ) ಅಂತ ಗುರುತು ಬೀಳುತ್ತದೆ. 5 ದಾಟಿದರೆ ಲೀಡ್ (ಎಲೆಕ್ಟ್ರೋಡಿನ ತಂತಿ) ಬಿಟ್ಟಿದೆ ಅಂದುಕೊಂಡು ಫಿಲ್ಟರ್ ಆ ತುಂಡನ್ನು ರಿಪೋರ್ಟಿನ ಸಾರಾಂಶದಿಂದಲೇ ಹೊರಗಿಡುತ್ತದೆ. ಯಾರೂ ಇದನ್ನು ಪ್ರಶ್ನೆ ಮಾಡಿರಲಿಲ್ಲ. ಅಂಥ ಹೊತ್ತಲ್ಲಿ ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್‌ಗಳ ಫೈಲ್‌ಗಳು ಬಂದವು. ಜೊತೆಗೊಂದು ಟಿಕೆಟ್, ಅಂದರೆ ದೂರು: ಉದ್ದದ ಡೈವ್‌ಗಳ ನಡುವೆ ಹಾರ್ಟ್ ರೇಟ್ ಖಾಲಿ ಬರುತ್ತಿದೆ, ದಯವಿಟ್ಟು ನೋಡಿ.

ನಮ್ಮ ಟೀಮ್ ಲೀಡ್ ಅರ್ಧ ನಿಮಿಷ ನೋಡಿ ಹೇಳಿದರು, "ನೀರಲ್ಲಿ ಎಲೆಕ್ಟ್ರೋಡ್ ಸಡಿಲ ಆಗಿರುತ್ತೆ. ಆರ್ಟಿಫ್ಯಾಕ್ಟ್ ಅಂತ ಬರೆದು ಕ್ಲೋಸ್ ಮಾಡಿ." ಆರ್ಟಿಫ್ಯಾಕ್ಟ್ ಅಂದರೆ ಉಪಕರಣದ ದೋಷದಿಂದ ಬಂದ ಸುಳ್ಳು ಸಿಗ್ನಲ್. ಶುಕ್ರವಾರ ಸ್ಪ್ರಿಂಟ್ (ಕೆಲಸದ ಕಂತು) ಮುಗಿಯುವುದಿತ್ತು. ನಾಲ್ಕು ಗಂಟೆಗೆ ಕ್ಲೈಂಟ್ ಜೊತೆ ಕಾಲ್. ಟೀಮ್ ಲೀಡ್ ಮಾತು ಅಸಂಬದ್ಧವೇನಲ್ಲ. ಮನುಷ್ಯರ ಫೈಲ್‌ನಲ್ಲಿ ಇಂಥ ಖಾಲಿ ಜಾಗ ಕಂಡರೆ ಹತ್ತಕ್ಕೆ ಒಂಬತ್ತು ಸಲ ಲೀಡ್ ಬಿಟ್ಟೇ ಇರುತ್ತದೆ. ಆದರೂ ನನಗೆ ಸಮಾಧಾನ ಆಗಲಿಲ್ಲ. ಲೀಡ್ ಬಿಡುವುದಾದರೆ ಯಾವಾಗ ಬೇಕಾದರೂ ಬಿಡಬೇಕಲ್ವಾ? ಇಲ್ಲಿ ಚಿಕ್ಕ ಡೈವ್‌ಗಳೆಲ್ಲ ಸರಿಯಾಗೇ ಇದ್ದವು. ಉದ್ದದವುಗಳಲ್ಲಿ ಮಾತ್ರ, ಅದೂ ನಡುಭಾಗದಲ್ಲಿ, ತೂತು.

ಕಾಲ್‌ಗೆ ಇಪ್ಪತ್ತು ನಿಮಿಷ ಇರುವಾಗ ಫಿಲ್ಟರ್ ಆಫ್ ಮಾಡಿ ಮೂಲ ಟ್ರೇಸ್ ತೆರೆದೆ. ಕೆಳಗೆ ಆಳದ ಗ್ರಾಫ್ ಇಟ್ಟುಕೊಂಡೆ. ಒಂದು ಚೂಪು ಕ್ಯೂಆರ್‌ಎಸ್, ಅಂದರೆ ಒಂದು ಬಡಿತದ ಗುರುತು. ಆಮೇಲೆ ಉದ್ದಕ್ಕೂ ಗೆರೆ. ಹತ್ತು ಸೆಕೆಂಡು ಕಳೆದ ಮೇಲೆ ಇನ್ನೊಂದು, ಅದೇ ಆಕಾರ, ಅದೇ ಎತ್ತರ. ನಡುವಿನ ಗೆರೆಯನ್ನು ಹಿಗ್ಗಿಸಿ ನೋಡಿದೆ. ಅದು ಸಪಾಟಾಗಿರಲಿಲ್ಲ. ಸಣ್ಣ ನಡುಕದ ಗುಂಪುಗಳು ಒಂದೇ ಲಯದಲ್ಲಿ ಬರುತ್ತಿದ್ದವು. ರೆಕ್ಕೆ ಬೀಸುವಾಗ ಎದೆಯ ಸ್ನಾಯು ಬಿಡುವ ಸಿಗ್ನಲ್ ಅದು. ನಾವು ದಿನಾ ಗೊಣಗಿಕೊಂಡು ತೆಗೆದುಹಾಕುವ ನಾಯ್ಸೇ ಇಲ್ಲಿ ಸಾಕ್ಷಿ ಹೇಳುತ್ತಿತ್ತು. ಲೀಡ್ ಬಿಟ್ಟಿದ್ದರೆ ಇದು ಹೇಗೆ ಬರುತ್ತದೆ? ಎಲೆಕ್ಟ್ರೋಡ್ ಗಟ್ಟಿಯಾಗೇ ಕೂತಿತ್ತು. ಹಕ್ಕಿ ಈಜುತ್ತಲೇ ಇತ್ತು. ಅದರ ಗುಂಡಿಗೆ ನಿಜವಾಗಿಯೂ ನಿಮಿಷಕ್ಕೆ ಆರು ಸಲ ಬಡಿಯುತ್ತಿತ್ತು.

ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿದೆ. "ಇಷ್ಟು ಕಡಿಮೆ ರೇಟಲ್ಲಿ ಯಾವ ಪ್ರಾಣಿ ಈಜುತ್ತೆ?" ಅಂತ ಟೀಮ್ ಲೀಡ್ ಕೇಳಿದರು. ಆ ಕಡೆಯ ಸಂಶೋಧಕಿ ತಾಳ್ಮೆಯಿಂದ ವಿವರಿಸಿದರು.

ಪೆಂಗ್ವಿನ್ ಆಮ್ಲಜನಕವನ್ನು ಮೂರು ಕಡೆ ಇಟ್ಟುಕೊಂಡು ಮುಳುಗುತ್ತದೆ: ಶ್ವಾಸಕೋಶ ಮತ್ತು ಗಾಳಿಚೀಲ, ರಕ್ತ, ಸ್ನಾಯು. ಎಂಪರರ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು, ಆಮ್ಲಜನಕ ಹಿಡಿದಿಡುವ ಸ್ನಾಯುವಿನ ಪ್ರೋಟೀನ್ ಮಯೋಗ್ಲೋಬಿನ್‌ನಲ್ಲೇ ಇರುತ್ತದೆ. ಡೈವ್ ಉದ್ದವಾದಾಗ ಗುಂಡಿಗೆ ನಿಧಾನವಾಗುತ್ತದೆ, ಸ್ನಾಯುಗಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಸ್ನಾಯು ತನ್ನ ಗಂಟನ್ನು ತಾನೇ ಕರಗಿಸಿಕೊಂಡು ಕೆಲಸ ಮಾಡುತ್ತದೆ. ರಕ್ತದಲ್ಲಿರುವುದು ಮಿದುಳಿಗೂ ಗುಂಡಿಗೆಗೂ ಉಳಿಯುತ್ತದೆ. ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ಸೌಂಡ್‌ನಲ್ಲಿ ಕೂಯ್‌ಮನ್, ಪೊಂಗಾನಿಸ್ ಮುಂತಾದ ವಿಜ್ಞಾನಿಗಳು ಸಮುದ್ರದ ಹಿಮಕ್ಕೆ ಒಂಟಿ ರಂಧ್ರ ಕೊರೆದು ಇದನ್ನೆಲ್ಲ ಅಳೆದಿದ್ದಾರೆ. ಸುತ್ತಮುತ್ತ ಬೇರೆ ರಂಧ್ರ ಇಲ್ಲದ್ದರಿಂದ ಹಕ್ಕಿ ಅಲ್ಲಿಗೇ ವಾಪಸ್ ಬರಬೇಕು, ಉಪಕರಣವೂ ಕೈಗೆ ಸಿಗುತ್ತದೆ. ಸುಮಾರು 5.6 ನಿಮಿಷ ದಾಟಿದ ಡೈವ್‌ಗಳ ನಂತರವೇ ರಕ್ತದಲ್ಲಿ ಲ್ಯಾಕ್ಟೇಟ್ (ಆಮ್ಲಜನಕ ಸಾಲದಾದಾಗ ಸ್ನಾಯುವಿನಲ್ಲಿ ಹುಟ್ಟುವ ವಸ್ತು) ಏರುವುದು. 2008ರಲ್ಲಿ ಪ್ರಕಟವಾದ ಅವರ ಹಾರ್ಟ್ ರೇಟ್ ಅಧ್ಯಯನದಲ್ಲೂ 18 ನಿಮಿಷದ ಒಂದು ಡೈವ್‌ನಲ್ಲಿ ಹೀಗೇ ಒಂದಂಕಿಗೆ ಇಳಿದಿತ್ತು.

ಹಿಮೋಗ್ಲೋಬಿನ್ ವಿಷಯ ಬಂದಾಗ ನನಗೆ ಊರು ನೆನಪಾಯಿತು. ಎಂಪರರ್‌ನ ಹಿಮೋಗ್ಲೋಬಿನ್ ಆಮ್ಲಜನಕ ತೀರಾ ಕಡಿಮೆ ಇದ್ದರೂ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಈ ಗುಣದಲ್ಲಿ ಅದು ಪಟ್ಟೆತಲೆ ಹೆಬ್ಬಾತಿಗೆ ತೀರಾ ಹತ್ತಿರ. ಹಿಮಾಲಯ ದಾಟಿ ಚಳಿಗಾಲಕ್ಕೆ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತದಲ್ಲ, ಅದೇ ಹೆಬ್ಬಾತು. ಒಂದು ತೆಳು ಗಾಳಿಯಲ್ಲಿ ಹಾರಲು, ಇನ್ನೊಂದು ನೀರೊಳಗೆ ಕೊನೆಯ ಹನಿಯವರೆಗೂ ಬಳಸಲು. ಎಷ್ಟು ಚೆಂದದ ವಿಷಯ!

ಆ ಟಿಕೆಟ್ ಆರ್ಟಿಫ್ಯಾಕ್ಟ್ ಅಂತ ಮುಚ್ಚಿಹೋಗಿದ್ದರೆ ಏನಾಗುತ್ತಿತ್ತು ಅನ್ನುವುದೇ ನನ್ನನ್ನು ಕಾಡುವುದು. ಚಿಕ್ಕ ಡೈವ್‌ಗಳಲ್ಲಿ ಬಡಿತ ವಿಶ್ರಾಂತಿಯ ಮಟ್ಟದಿಂದ ಅಷ್ಟೇನೂ ಇಳಿಯುವುದಿಲ್ಲ. ಉದ್ದದವುಗಳ ನಿಧಾನ ಬಡಿತವನ್ನೆಲ್ಲ ತೆಗೆದರೆ ಸರಾಸರಿ ಮೇಲೇರುತ್ತದೆ. "ಮುಳುಗಿದರೂ ಗುಂಡಿಗೆ ನಿಧಾನವಾಗುವುದಿಲ್ಲ" ಅಂತ ನೀಟಾದ ಗ್ರಾಫ್ ಬರುತ್ತಿತ್ತು. ಎಂಪರರ್‌ನ ದಾಖಲೆ ಡೈವ್ 32 ನಿಮಿಷಕ್ಕೂ ಜಾಸ್ತಿ. ಅಂಥದ್ದು ನಮ್ಮ ಕೈಗೆ ಸಿಕ್ಕಿದ್ದರೆ ಬಹುಭಾಗ ಬರೀ ಖಾಲಿ.

ಮ್ಯಾನೇಜ್‌ಮೆಂಟ್ ಆ ಕ್ಲೈಂಟ್‌ಗೆ ಮಾತ್ರ ಪ್ಯಾಚ್ ಕೊಟ್ಟು ಕೈ ತೊಳೆದುಕೊಂಡಿತು. ನನ್ನ ತಕರಾರು ಅದಕ್ಕೇ. 5 ಸೆಕೆಂಡಿನ ಮಿತಿ ಮನುಷ್ಯರ ಪ್ರಾಡಕ್ಟ್‌ನಲ್ಲಿ ಹಾಗೇ ಇದೆ. ಸೈನಸ್ ನೋಡ್ (ಗುಂಡಿಗೆಯ ಬಡಿತ ಶುರುಮಾಡುವ ಭಾಗ) ತೊಂದರೆ ಇರುವ ರೋಗಿಗೆ ನಿದ್ದೆಯಲ್ಲಿ ಆರು ಸೆಕೆಂಡು ಬಡಿತ ನಿಂತರೆ ಅದು ಡಾಕ್ಟರ್ ಮೊದಲು ನೋಡಬೇಕಾದ ಸಾಲು. ನಮ್ಮಲ್ಲಿ ಟೆಕ್ನಿಷಿಯನ್ ಒಳಗೆ ಹೊಕ್ಕು ತೆರೆದರಷ್ಟೇ ಕಾಣುತ್ತದೆ. ನಾಯ್ಸ್ ಇದ್ದರೆ ಲೀಡ್ ಬಿಟ್ಟಿಲ್ಲ ಅನ್ನುವ ಚೆಕ್ ಹಾಕಿ, ಏನನ್ನೂ ಹೊರಗಿಡಬೇಡಿ, ಬರೀ ಬಣ್ಣ ಹಚ್ಚಿ ತೋರಿಸಿ ಅಂತ ಟಿಕೆಟ್ ಹಾಕಿದ್ದೇನೆ. ಬ್ಯಾಕ್‌ಲಾಗ್‌ನಲ್ಲಿ ಕೂತಿದೆ. ಪ್ರತಿ ಪ್ಲಾನಿಂಗ್ ಮೀಟಿಂಗ್‌ನಲ್ಲೂ ಆ ಟ್ರೇಸ್ ತೆರೆದು ತೋರಿಸುತ್ತೇನೆ, ಮುಂದಿನ ಸಲವೂ ತೋರಿಸುತ್ತೇನೆ.